ತಂಗುಮನೆಯ ಲೋಟಗಳು

ನಮ್ಮ ಊರಿನಲ್ಲಿ ಒಬ್ಬರ ವಯಸ್ಸು ಕೇಳಬಹುದು, ಸಂಬಳ ಕೇಳಬಹುದು, ಮದುವೆ ಯಾಕಾಗಲಿಲ್ಲ ಎಂದು ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಆದರೆ ಒಬ್ಬರ ಕೈಯಲ್ಲಿರುವ ವಸ್ತುವನ್ನು ತೋರಿಸಿ, ‘ಅದು ಬೆಚ್ಚಗಿದೆಯಾ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಾಗೆ ಕೇಳಿದ ಮಗುವಿನ ತೊಡೆಯನ್ನು ತಾಯಿ ಮೆಲ್ಲಗೆ ಚಿವುಟುತ್ತಾಳೆ.

ಯಾರಾದರೂ ಕೈಯಾರೆ ನಿಮ್ಮ ಕೈಗೊಂದು ವಸ್ತು ಕೊಟ್ಟರೆ, ಅವರ ಮನಸ್ಸಿನಲ್ಲಿ ನೀವಿರುವಷ್ಟು ಕಾಲ ಅದು ನಿಮ್ಮ ಅಂಗೈಗೆ ಬೆಚ್ಚಗಿರುತ್ತದೆ. ನಿಮ್ಮ ಅಂಗೈಗೆ ಮಾತ್ರ. ಪಕ್ಕದವರಿಗೆ ಅದು ಬರಿಯ ಬಾಚಣಿಗೆ, ಬರಿಯ ಕನ್ನಡಕದ ಡಬ್ಬಿ. ಕೊಟ್ಟವರು ಮರೆತರೆ ಆರುತ್ತದೆ, ತೀರಿಕೊಂಡರೂ ಆರುತ್ತದೆ. ಯಾವುದರಿಂದ ಆರಿತೆಂದು ವಸ್ತು ಹೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಮದುವೆಯ ಉಡುಗೊರೆಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಸರಿಸುತ್ತಾರೆ, ಕೈಯಿಂದ ಕೈಗೆ ಕೊಡುವುದಿಲ್ಲ. ನಾಳೆ ಆರಿದರೆ ಎರಡು ಮನೆಗೂ ಮುಜುಗರ. ಬೇಸಿಗೆಯಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡು ಬೆವರುತ್ತಿದ್ದ ಅಂಚೆ ಮಾಸ್ತರರನ್ನು ಕಂಡು ಯಾರೂ ನಕ್ಕದ್ದು ನಾನು ನೋಡಿಲ್ಲ. ನಾನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದವಳು. ಪ್ರತಿ ವರ್ಷವೂ ಹೊಸದಾಗಿ ಸೇರಿದ ಹುಡುಗಿಯರು ಯಾರೋ ಕೊಟ್ಟ ಪೆನ್ನನ್ನೋ ಉಂಗುರವನ್ನೋ ತಂದು ಥರ್ಮಾಮೀಟರ್ ಒತ್ತಿ ನೋಡುವರು. ಪಾದರಸ ಕದಲುತ್ತಿರಲಿಲ್ಲ. ಹುಡುಗಿಯರು ನಗುವರು, ಅವರಲ್ಲೊಬ್ಬಳು ನಗುತ್ತಿರಲಿಲ್ಲ, ಅಷ್ಟರಲ್ಲಿ ಗಂಟೆ ಹೊಡೆಯುವುದು.

ಅಣ್ಣ ತೀರಿಕೊಂಡು, ಅತ್ತಿಗೆ ತನ್ನ ತಂಗಿಯ ಮನೆಗೆ ಹೊರಟ ಮೇಲೆ ನಾನು ತಂಗುಮನೆಗೆ ಬಂದೆ. ಅದು ಹಳೆಯ ನೂಲಿನ ಗಿರಣಿಯ ಕಟ್ಟಡ. ಎತ್ತರದ ಕಿಟಕಿಗಳು, ಉದ್ದನೆಯ ಹಜಾರ, ಹಜಾರದ ಎರಡೂ ಬದಿಗೆ ನೋಡಿಕೊಳ್ಳುವವರಿಲ್ಲದ ನಮ್ಮಂಥ ಮುದುಕರ ಕೋಣೆಗಳು. ಬಂದ ದಿನ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಆಫೀಸಿನಲ್ಲಿ ನಿಂತಿದ್ದೆ. ಆಗ ಮನೆಯನ್ನು ನಡೆಸುತ್ತಿದ್ದವಳು ಮೇಟ್ರನ್ ರಾಜಮಣಿ. ದಪ್ಪ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ನನಗೇನು ಕಾಯಿಲೆ, ಯಾವ ಮಾತ್ರೆ ಎಂದು ಆಕೆ ಮೊದಲು ಕೇಳಲಿಲ್ಲ.

“ಕಾಫಿಗೆ ಸಕ್ಕರೆ ಎಷ್ಟು ಮೇಡಂ? ನಾಚಿಕೆ ಬೇಡ. ಇಲ್ಲಿ ಒಬ್ಬರು ಬೆಲ್ಲ ಕಚ್ಚಿಕೊಂಡೇ ಕುಡಿಯೋದು.”

ಹಾಗೆನ್ನುತ್ತಲೇ ಒಂದು ಸ್ಟೀಲ್ ಲೋಟ ತಂದು ನನ್ನ ಎಡಗೈಗೆ ಕೊಟ್ಟಳು. ಎಡಗೈಗೆ ಕೊಡಬಾರದೆಂದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಲ್ಯಾಬಿನಲ್ಲಿ ಆಸಿಡ್ ಬಿದ್ದು ನನ್ನ ಬಲಗೈಯ ಬೆರಳುಗಳು ಎಂದೋ ಮರಗಟ್ಟಿದ್ದವು. ಬಿಸಿ, ತಂಪು ಯಾವುದೂ ತಿಳಿಯದು. ಅದನ್ನು ನಾನು ಹೇಳಿರಲಿಲ್ಲ. ಟ್ರಂಕಿನ ಮೇಲಿಟ್ಟ ಕೈಯನ್ನು ನೋಡಿಯೇ ಆಕೆ ತಿಳಿದುಕೊಂಡಿದ್ದಳು. ಹೀಗೆ ತಂಗುಮನೆಗೆ ಬಂದ ಪ್ರತಿಯೊಬ್ಬರಿಗೂ ಆಕೆ ಒಂದೊಂದು ಲೋಟ ಕೈಗೆ ಕೊಟ್ಟಿದ್ದಳಂತೆ. ಎಲ್ಲವೂ ಒಂದೇ ಅಳತೆಯವು, ಒಂದೇ ಅಂಗಡಿಯವು. ಯಾವ ಲೋಟ ಯಾರದೆಂದು ಗುರುತಿಗೆ ಹೆಸರೇನೂ ಕೆತ್ತಿಸಿರಲಿಲ್ಲ. ಕೆತ್ತಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತಲಾರದೆ ಹೋದಾಗ ರಾಜಮಣಿ ಕೆಲಸ ಬಿಟ್ಟಳು. ಹೊಳೆಯಾಚೆಯ ಊರಿನಲ್ಲಿ ಆಕೆಯ ಅಕ್ಕನ ಮನೆಯಿತ್ತು. ಹೊರಡುವ ದಿನ ನಾನು ಹೆಣೆದಿಟ್ಟಿದ್ದ ಬೂದುಬಣ್ಣದ ಮಫ್ಲರನ್ನು ಆಕೆಯ ಕೈಯಲ್ಲಿಟ್ಟೆ. ಒಂದು ಕೈಯಲ್ಲಿ ಹೆಣೆದದ್ದು, ಅಂಚು ಸೊಟ್ಟವಾಗಿತ್ತು. ಆಕೆ ಅದನ್ನು ಅಲ್ಲಿಯೇ ಕುತ್ತಿಗೆಗೆ ಸುತ್ತಿಕೊಂಡಳು, ಸುಡುಬಿಸಿಲಿನಲ್ಲಿ.

“ನಿಮಗೆ ಹೊಂದುವವರು ಸಿಗದಿದ್ರೆ ಹೇಳಿ ಕಳಿಸಿ,” ಎಂದು ಎಲ್ಲರಿಗೂ ಕೇಳುವಂತೆ ಅಂದಳು. “ಈ ಮಂಡಿಗಳನ್ನ ಎಳ್ಕೊಂಡಾದ್ರೂ ಬರ್ತೀನಿ.”

ಅದು ಉಪಚಾರದ ಮಾತಲ್ಲವೆಂದು ನಮಗೆ ಗೊತ್ತಿತ್ತು. ಟ್ರಸ್ಟಿನವರೂ ಅದನ್ನು ನೆನಪಿನಲ್ಲಿಟ್ಟುಕೊಂಡಿದ್ದರು.

ತಂಗುಮನೆಯನ್ನು ನಡೆಸುವವರು ಹೇಗಿದ್ದಾರೆಂದು ನೋಡಲು ನಮ್ಮ ಟ್ರಸ್ಟಿಗೆ ಒಂದು ಹಳೆಯ ಪದ್ಧತಿ ಇದೆ. ಸಂಕ್ರಾಂತಿ ಕಳೆದ ವಾರ ಅವರು ಬರುತ್ತಾರೆ. ಅಡುಗೆಮನೆ, ಬಚ್ಚಲು, ಔಷಧಿ ಬೀರು ಎಲ್ಲವನ್ನೂ ನೋಡಿದ ಮೇಲೆ ನಮ್ಮನ್ನು ಹಜಾರದಲ್ಲಿ ಕೂರಿಸಿ, ಊರಿನಲ್ಲಿ ಬೇರೆಲ್ಲೂ ಕೇಳಬಾರದ ಪ್ರಶ್ನೆಯನ್ನು ಕೇಳುತ್ತಾರೆ: ಈಗ ನಡೆಸುತ್ತಿರುವವರು ನಿಮಗೆ ಕೊಟ್ಟದ್ದು ಯಾವುದಾದರೂ ಬೆಚ್ಚಗಿದೆಯೇ? ಒಬ್ಬರಾದರೂ ಹೌದೆಂದರೆ ಅವರು ಉಳಿಯುತ್ತಾರೆ. ಒಬ್ಬರೂ ಅನ್ನದಿದ್ದರೆ ಶಾಲು ಹೊದಿಸಿ ಕಳಿಸಿಕೊಡುತ್ತಾರೆ. ಆ ಪ್ರಶ್ನೆಗೆ ನಮ್ಮ ಊರಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಬೇಡವೆನಿಸಿದರೆ ಸುಮ್ಮನಿರಬಹುದು.

ರಾಜಮಣಿಯ ನಂತರ ಬಂದ ಒಬ್ಬರು ಹಾಗೆಯೇ ಶಾಲು ಹೊದ್ದು ಹೋದರು. ಆಮೇಲೆ ಬಂದವರು ಪಾಲಾಕ್ಷ. ಈ ಸಲವೂ ಹೊಂದದಿದ್ದರೆ ರಾಜಮಣಿಗೇ ಹೇಳಿ ಕಳಿಸುವುದೆಂದು ಟ್ರಸ್ಟಿನ ಹಿರಿಯರಾದ ಕರಿಬಸಪ್ಪನವರು ನಮ್ಮೆದುರಿಗೇ ಅಂದಿದ್ದರು. ಆ ಮಾತು ಕೇಳಿದ ದಿನದಿಂದ ನಾನು ಸಂಜೆಯ ಹೊತ್ತು ಜಗಲಿಯಲ್ಲಿ ಕೂತಾಗಲೆಲ್ಲ ಹೊಳೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದೆ. ದೋಣಿ ಬರುವುದು, ಜನ ಇಳಿಯುವುದು. ಕೊನೆಯಲ್ಲಿ ಇಳಿಯುವವರು ಕುಂಟುತ್ತಿದ್ದರೆ ಕೂತಲ್ಲಿಂದ ಅರ್ಧ ಏಳುವೆ.

ಪಾಲಾಕ್ಷ ಮೊದಲು ಬಸ್ ಡಿಪೋ ನೋಡಿಕೊಳ್ಳುತ್ತಿದ್ದವರು. ಅವರ ಬಗ್ಗೆ ನ್ಯಾಯವಾಗಿ ಹೇಳಬೇಕು. ಅವರು ಬಂದ ಮೇಲೆ ಬಚ್ಚಲಿನಲ್ಲಿ ಯಾರೂ ಜಾರಿ ಬೀಳಲಿಲ್ಲ. ಗೋಡೆಗಳಿಗೆ ಹಿಡಿಕೆಗಳು ಬಂದವು, ಮಾತ್ರೆಗಳು ಹೊತ್ತಿಗೆ ಸರಿಯಾಗಿ ಬಂದವು, ಸೋರುತ್ತಿದ್ದ ಮೂಲೆ ಒಣಗಿತು. ರಾಜಮಣಿಯ ಕಾಲದಲ್ಲಿ ಇವೊಂದೂ ಇರಲಿಲ್ಲ; ಆಕೆ ಮಾತ್ರೆಯನ್ನೂ ಮರೆಯುತ್ತಿದ್ದಳು, ನಾವೇ ನೆನಪಿಸಬೇಕಿತ್ತು. ಆದರೆ ಪಾಲಾಕ್ಷರಿಗೆ ಡಿಪೋದ ಅಭ್ಯಾಸ ಹೋಗಿರಲಿಲ್ಲ. ಮಂಚ, ಕುರ್ಚಿ, ಬಕೆಟ್ಟು, ಎಲ್ಲಕ್ಕೂ ನಂಬರು. ನಡೆಯುತ್ತಲೇ ಮಾತಾಡುವರು, ಎಲ್ಲೂ ಕೂರುತ್ತಿರಲಿಲ್ಲ. “ಹದಿನಾಲ್ಕಕ್ಕೆ ಬಿಸಿನೀರು ಹೋಯ್ತಾ?” ಎಂದು ಕೂಗುವರು. ಹದಿನಾಲ್ಕು ಎಂದರೆ ನಾನು.

ಪಕ್ಕದ ಕೋಣೆಯ ಸಣ್ಣತಾಯಮ್ಮನಿಗೆ ಇದು ದೊಡ್ಡ ತಮಾಷೆ. ಸಂತೆಯಲ್ಲಿ ತರಕಾರಿ ಮಾರಿ ಬದುಕಿದವಳು, ಬಾಯಿ ಜೋರು. “ಏನ್ ಮೇಷ್ಟ್ರಮ್ಮ, ಹದಿನಾಲ್ಕನೇ ನಂಬರ್ ಬಸ್ಸು ಇವತ್ತು ಲೇಟು? ಡೀಸೆಲ್ ಹಾಕ್ಸಿಲ್ವಾ?” ಎಂದು ಬೆಳಿಗ್ಗೆ ಬೆಳಿಗ್ಗೆ ಬಾಗಿಲು ಬಡಿಯುವಳು.

“ಸಂಕ್ರಾಂತಿ ಕಳೆದ ಮೇಲೆ ಟ್ರಸ್ಟಿನವರು ಬಂದು ಕೇಳ್ತಾರೆ, ನೀವು ಯಾರಿಗೂ ಏನೂ ಕೊಡಲಿಲ್ಲವಲ್ಲ,” ಎಂದು ನಾನೊಮ್ಮೆ ಪಾಲಾಕ್ಷರನ್ನು ಕೇಳಿದ್ದೆ. ಹಿಂದಿನವರು ಎಲ್ಲರಿಗೂ ಒಂದೊಂದು ಕರವಸ್ತ್ರ ಹಂಚಿ ಬೆವರು ಒರೆಸಿಕೊಂಡಿದ್ದರು.

ಅವರು ಮೊದಲ ಸಲ ನಿಂತು ಉತ್ತರ ಕೊಟ್ಟರು. “ಅವರು ಕೇಳ್ತಾರೆ ಅಂತ ಕೊಡೋದು ಲಂಚ ಇದ್ದ ಹಾಗೆ ಮೇಡಂ. ನಂಗೆ ಅದು ಆಗಲ್ಲ. ಕೆಲಸ ನೋಡಿ ಇಟ್ಕೊಂಡ್ರೆ ಇಟ್ಕೊಳ್ಳಲಿ.”

ಆ ಮಾತಿಗೆ ನನಗೆ ಅವರ ಮೇಲೆ ಗೌರವ ಬಂತು. ಹಾಗೆಯೇ, ಹಾಗಾದರೆ ಇವರು ಉಳಿಯುವುದಿಲ್ಲ ಎಂಬ ಸಂತೋಷವೂ ಆಯಿತು. ಎರಡೂ ಒಟ್ಟಿಗೇ ಆಯಿತು, ಏನು ಮಾಡುವುದು.

ಆ ಮಳೆಗಾಲದಲ್ಲಿ ತಂಗುಮನೆಯಲ್ಲಿ ವಾಂತಿಭೇದಿಯೂ ಜ್ವರವೂ ಹರಡಿದವು. ಡಾಕ್ಟರು ಬಂದು, ಒಬ್ಬರ ಪಾತ್ರೆ ಇನ್ನೊಬ್ಬರು ಮುಟ್ಟಬಾರದು ಎಂದರು. ಪಾಲಾಕ್ಷ ಮರುದಿನವೇ ಹೊಸ ಲೋಟಗಳನ್ನು ತರಿಸಿದರು, ತಳದಲ್ಲಿ ನಂಬರು ಕೆತ್ತಿಸಿ. ನಾವು ಜ್ವರದಲ್ಲಿ ಮಲಗಿದ್ದಾಗ ಆಯಾ ಬಂದು ಪ್ರತಿ ಮಂಚದ ಪಕ್ಕದ ಮೇಜಿನ ಮೇಲೆ ಹೊಸ ಲೋಟ ಇಟ್ಟು ಹಳೆಯದನ್ನು ತೆಗೆದುಕೊಂಡು ಹೋದಳು. ಹಿಂದೆಯೇ ತೀರಿಕೊಂಡವರ ಲೋಟಗಳು ಅಡುಗೆಮನೆಯ ಅಟ್ಟದಲ್ಲಿದ್ದವು; ಎಲ್ಲವೂ ಒಂದೇ ಗೋಣಿಚೀಲಕ್ಕೆ ಬಿದ್ದು ಉಗ್ರಾಣ ಸೇರಿದವು.

ಪಾಲಾಕ್ಷ ಹೊರಗಿನವರಲ್ಲ, ಈ ಊರಿನಲ್ಲೇ ಹುಟ್ಟಿದವರು. ಯಾವ ವಸ್ತುವನ್ನು ಮುಟ್ಟಬಾರದೆಂದು ಅವರಿಗೂ ಗೊತ್ತು. ಆದರೆ ಟ್ರಸ್ಟು ಕೊಂಡ ಪಾತ್ರೆ, ಸಾಲಾಗಿ ಜೋಡಿಸಿದ್ದು, ಎಲ್ಲ ಒಂದೇ ಥರದ್ದು. ಅದರಲ್ಲಿ ಏನಿರುತ್ತದೆ ಎಂದು ಅವರು ಯೋಚಿಸಿರಲಿಲ್ಲ. ನಮ್ಮಲ್ಲಿ ಯಾರೂ ಹೇಳಲೂ ಇಲ್ಲ. ನನ್ನ ಲೋಟ ನನಗೆ ಬೆಚ್ಚಗಿತ್ತು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಒಬ್ಬರಿಗೊಬ್ಬರು ಅದನ್ನು ಎಂದೂ ಹೇಳಿಕೊಂಡವರಲ್ಲ.

ಜ್ವರ ಬಿಟ್ಟ ಮೇಲೂ ಯಾರೂ ಕಾಫಿ ಮುಗಿಸುತ್ತಿರಲಿಲ್ಲ. ಎರಡು ಗುಟುಕು ಕುಡಿದು ಇಟ್ಟುಬಿಡುವರು. ಪಾಲಾಕ್ಷ ಅಡುಗೆಯವನನ್ನು ಗದರಿದರು, ಪುಡಿ ಬದಲಿಸಿದರು, ಹಾಲು ಬದಲಿಸಿದರು. ತಾವೇ ಅಡುಗೆಮನೆಯಲ್ಲಿ ನಿಂತು ಡಿಕಾಕ್ಷನ್ ಇಳಿಸಿದರು. ಲೋಟಗಳು ಹಾಗೆಯೇ ಹಿಂದಿರುಗಿದವು. ಹೀಗೇ ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಎಲ್ಲರೂ ಸೊರಗಿದ್ದರು. ಬ್ಯಾಂಡ್ ಮಾಸ್ಟರ್ ಆಗಿದ್ದ ಬಾಷಾ ಸಾಹೇಬರು ಸಂಜೆ ಕ್ಲಾರಿನೆಟ್ ತೆಗೆಯುವುದನ್ನೇ ನಿಲ್ಲಿಸಿದರು.

ಕೊನೆಗೆ ಒಂದು ಬೆಳಿಗ್ಗೆ ಪಾಲಾಕ್ಷ ಹಜಾರದ ನಡುವೆ ನಿಂತು, “ಏನು ಕಮ್ಮಿ ಆಗಿದೆ ಅಂತ ಯಾರಾದ್ರೂ ಹೇಳ್ರಪ್ಪ! ಬೆಲ್ಲದ ಕಾಫಿ ಮಾಡಿಸ್ಲಾ? ಶುಂಠಿ ಹಾಕಿಸ್ಲಾ?” ಎಂದು ಕೇಳಿದರು. ಅವರ ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು.

ನಾವೆಲ್ಲ ಕಿಟಕಿಯ ಕಡೆ ನೋಡಿದೆವು. ಸಣ್ಣತಾಯಮ್ಮನಿಗೆ ತಡೆಯಲಾಗಲಿಲ್ಲ.

“ಅಯ್ಯೋ ಸಿವನೇ, ಸುಂಟಿ ಹಾಕಿದ್ರೇನು, ಅಮೃತ ಹಾಕಿದ್ರೇನು! ಕಾಪಿ ಅಲ್ಲ ಕಣಪ್ಪ, ಲೋಟ! ನಮ್ ಲೋಟಗೋಳ್ನ ಎಲ್ಲಿ ತಗೊಂಡೋದೆ?”

“ಅವು ಟ್ರಸ್ಟಿನ ಲೋಟ ಅಲ್ವಾ ಅಜ್ಜಿ? ಸ್ಟೋರಿಗೆ ಬಂದಿದ್ದು?”

“ಸ್ಟೋರಿಗೆ ಬಂದಿದ್ದು ಸ್ಟೋರಿಗೆ. ನನ್ನ ಕೈಗೆ ಕೊಟ್ಟೋಳು ರಾಜಮಣವ್ವ,” ಎಂದಳು. ಹಾಗೆಂದವಳೇ ತಾನು ಏನಂದುಬಿಟ್ಟೆನೆಂದು ತಿಳಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಾಲಾಕ್ಷ ಒಬ್ಬೊಬ್ಬರ ಮುಖವನ್ನೂ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬಿಳಿಚಿತು. ಉಗ್ರಾಣದ ಕಡೆ ಹೋದರು. ನಾಲ್ಕು ದಿನದ ಹಿಂದೆ ಉಗ್ರಾಣ ಚೊಕ್ಕಟ ಮಾಡಿಸುವಾಗ ಆ ಚೀಲ ಗುಜರಿಯವನ ಗಾಡಿ ಹತ್ತಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಓಡಿದ ಪಾಲಾಕ್ಷ ಮಧ್ಯಾಹ್ನದ ಹೊತ್ತಿಗೆ ಚೀಲವನ್ನು ಹೆಗಲ ಮೇಲೆ ಹೊತ್ತು ತಂದರು. ಒಂದಷ್ಟನ್ನು ಗುಜರಿಯವನು ಆಗಲೇ ಯಾರಿಗೋ ಕೊಟ್ಟಿದ್ದನಂತೆ. ಉಳಿದವನ್ನು ತಾವೇ ತೊಳೆದು, ಒರೆಸಿ, ಹಜಾರದಲ್ಲಿ ಚಾಪೆ ಹಾಸಿ ಸಾಲಾಗಿ ಇಟ್ಟರು. ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಯಾರದು ಯಾವುದೆಂದು ಹೇಳುವವರು ಯಾರು? ಅಂಗೈಯೇ ಹೇಳಬೇಕು.

ನಮ್ಮಲ್ಲಿ ಅರ್ಧ ಜನಕ್ಕೆ ಬಗ್ಗಲಾಗುವುದಿಲ್ಲ. ಪಾಲಾಕ್ಷ ಒಂದು ತಟ್ಟೆಯಲ್ಲಿ ಲೋಟಗಳನ್ನು ಇಟ್ಟುಕೊಂಡು ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕೂತರು. ಒಂದು ಲೋಟ ಎತ್ತುವುದು, ಮುಟ್ಟುವುದು, ತಲೆಯಾಡಿಸುವುದು, ಮತ್ತೊಂದು. ಕಾರ್ತಿಕದ ಬಿಸಿಲು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಯಿತು. ಹೊರಗಿನವರು ಯಾರಾದರೂ ನೋಡಿದ್ದರೆ ಮುದುಕರಿಗೆ ಏನೋ ಆಟ ಆಡಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

“ಇದು ಮಂಜುಗಡ್ಡೆ. ಇದು ಯಾರೋ ಹೋದೋರ್ದಿರ್ಬೇಕು, ಪಾಪ, ಪಕ್ಕಕ್ಕಿಡು. ಥೂ, ಇದ್ನ ಯಾವನು ಕಚ್ಚಿದ್ದು?” ಎನ್ನುತ್ತ ಹೋದ ಸಣ್ಣತಾಯಮ್ಮ ಒಂದು ಲೋಟ ಕೈಗೆ ಬಂದಾಗ ನಿಲ್ಲಿಸಿದಳು. ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ, “ಬದುಕವ್ಳೆ ಕಣವ್ವ. ಚೆಂದಾಗವ್ಳೆ,” ಎಂದು ನನ್ನ ಕಡೆ ನೋಡಿ ಅಂದಳು.

ಬಾಷಾ ಸಾಹೇಬರ ಕೈ ನಡುಗುತ್ತದೆ. ಪಾಲಾಕ್ಷ ಅವರ ಮುಂಗೈಯನ್ನು ಮೆಲ್ಲಗೆ ಹಿಡಿದುಕೊಂಡು ಒಂದೊಂದೇ ಲೋಟ ಮುಟ್ಟಿಸಿದರು. ಒಂದರ ಬಳಿ ಸಾಹೇಬರು ತಡೆದರು. “ಇದೇ ಇರಬೇಕು. ಒಂದು ನಿಮಿಷ ಕೈ ಬಿಡಿ ಸಾರ್, ನಿಮ್ಮ ಕೈಯೂ ಬಿಸಿಯಾಗಿದೆ, ಗೊಂದಲ ಆಗ್ತಿದೆ,” ಎಂದರು. ಹಜಾರದಲ್ಲಿ ಬಹಳ ದಿನಗಳ ಮೇಲೆ ನಗು ಕೇಳಿಸಿತು.

ನನ್ನ ಸರದಿ ಬಂತು. ಎಡಗೈ ಚಾಚಿದೆ. ಒಂದಾದ ಮೇಲೊಂದು ಲೋಟ ಬಂತು. ತಣ್ಣಗೆ. ತಣ್ಣಗೆ. ಕೊನೆಯ ಲೋಟವೂ ಬಂದು ಹೋಯಿತು. ಎಲ್ಲವೂ ಬರಿಯ ಲೋಹ. ಎಲ್ಲರಿಗೂ ಅವರವರದು ಸಿಕ್ಕಿತ್ತು, ನನಗೊಬ್ಬಳಿಗೆ ಸಿಗಲಿಲ್ಲ. ಯಾರೂ ನನ್ನನ್ನು ನೋಡಲಿಲ್ಲ. ಸಣ್ಣತಾಯಮ್ಮ ಇದ್ದಕ್ಕಿದ್ದಂತೆ ಅಡುಗೆಯವನನ್ನು ಕರೆದು ನಿನ್ನೆಯ ಸಾರಿನಲ್ಲಿ ಉಪ್ಪಿರಲಿಲ್ಲವೆಂದು ಜಗಳ ತೆಗೆದಳು. ನಿನ್ನೆ ಸಾರು ಚೆನ್ನಾಗಿತ್ತು. ಅವಳು ಆ ಜಗಳವನ್ನು ನನಗೋಸ್ಕರ ಮಾಡಿದಳೆಂದು ನನಗೆ ಗೊತ್ತು.

“ಬಿಡಿ, ನನ್ನ ಕೈಗೆ ಈಗ ಏನೂ ತಿಳಿಯುವುದಿಲ್ಲ,” ಎಂದು ಪಾಲಾಕ್ಷರಿಗೆ ಹೇಳಿ ಎದ್ದೆ.

ಎರಡರಲ್ಲೊಂದು ನಿಜವಾಗಿರಬೇಕು. ನನ್ನ ಲೋಟ ಗುಜರಿಯವನು ಕೊಟ್ಟುಬಿಟ್ಟ ಲೋಟಗಳಲ್ಲಿ ಸೇರಿಹೋಗಿರಬೇಕು. ಇಲ್ಲವೇ, ಚಾಪೆಯ ಮೇಲೆ ಉಳಿದ ತಣ್ಣನೆಯ ಲೋಟಗಳಲ್ಲಿ ಒಂದು ನನ್ನದು. ರಾಜಮಣಿ ಬದುಕಿದ್ದಾಳೆ, ಎಲ್ಲರನ್ನೂ ನೆನೆಯುತ್ತಿದ್ದಾಳೆ, ನನ್ನನ್ನು ಮಾತ್ರ ಬಿಟ್ಟು. ಉಗ್ರಾಣದ ಕತ್ತಲೆಯಲ್ಲಿದ್ದ ತಿಂಗಳುಗಳಲ್ಲಿ ಅದು ಯಾವಾಗಲೋ ಆರಿರಬಹುದು. ಮುದುಕಿಯರ ಮನಸ್ಸು ಸೋರುತ್ತದೆ, ಮೊದಲು ಯಾವ ಮುಖ ಸೋರಿಹೋಗುತ್ತದೆಂದು ಅವರ ಕೈಯಲ್ಲೂ ಇಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಜಗಲಿಯಲ್ಲಿ ಕೂತಾಗ ಹೊಳೆಯ ಕಡೆ ನೋಡಲು ಕಷ್ಟವಾಯಿತು, ನೋಡದಿರಲು ಇನ್ನೂ ಕಷ್ಟವಾಯಿತು. ಆಕೆ ಬಂದರೆ ಸಾಕಿತ್ತು. ದೋಣಿಯಿಂದ ಇಳಿದು, ಕನ್ನಡಕ ಸರಿಮಾಡಿಕೊಂಡು, ನನ್ನನ್ನು ನೋಡುವ ಆ ಒಂದು ಕ್ಷಣದಲ್ಲಿ ನನಗೆ ತಿಳಿದುಹೋಗುತ್ತಿತ್ತು.

ಮರುದಿನ ಸಂಜೆ ಪಾಲಾಕ್ಷ ಜಗಲಿಗೆ ಬಂದರು. ಬಂದು, ಮೆಟ್ಟಿಲ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮಗೆ ಅವರು ಹೇಗೆ ಕೊಟ್ರು ಮೇಡಂ, ಲೋಟಾನ?”

ನಾನು ಹೇಳಿದೆ. ಟ್ರಂಕಿನ ಕಥೆ, ಬೆಲ್ಲ ಕಚ್ಚುವವರ ಕಥೆ. ಒಂದು ಮಾತಿಗೆ ಇನ್ನೊಂದು ಸೇರಿ ಲ್ಯಾಬಿನ ಹುಡುಗಿಯರ ಕಥೆಯೂ ಬಂತು. ಹೊಳೆಯ ಮೇಲೆ ಬೆಳಕು ಹೋಗುವವರೆಗೂ ಅವರು ಏಳಲಿಲ್ಲ. ಒಳಗಿನಿಂದ ಯಾರೋ ಎರಡು ಸಲ ಕರೆದರೂ “ಬಂದೆ” ಎಂದು ಅಲ್ಲಿಯೇ ಕೂತಿದ್ದರು.

“ಗುಜರಿಯವನು ಒಂದಷ್ಟನ್ನ ಛತ್ರದವರಿಗೆ ಕೊಟ್ಟಿದಾನಂತೆ. ನಾನು ನೋಡ್ತೀನಿ,” ಎಂದು ಹೊರಟರು.

ಛತ್ರಕ್ಕೆ ಹೋದರು. ಅಲ್ಲಿಂದ ಟೀ ಅಂಗಡಿಗಳಿಗೆ ಹೋದರು. ದಿನಕ್ಕೊಂದು ಎರಡು ಲೋಟ ತಂದು ನನ್ನ ಮುಂದೆ ಹಿಡಿಯುವರು, ನಾನು ಮುಟ್ಟಿ ತಲೆಯಾಡಿಸುವೆ. ತಲೆಯಾಡಿಸುವಾಗ ನನಗಿಂತ ಅವರ ಮುಖ ಹೆಚ್ಚು ಇಳಿಯುತ್ತಿತ್ತು. “ಸಾಕು ಬಿಡಿ ಸಾರ್, ನಿಮಗೆ ಬೇರೆ ಕೆಲಸವಿಲ್ಲವೇ?” ಎಂದೆ. “ಇದೂ ಡಿಪೋ ಕೆಲಸಾನೇ ಮೇಡಂ. ಕಳೆದುಹೋದ ಲಗೇಜು,” ಎಂದು ನಗಲು ನೋಡಿದರು.

ಸಂಕ್ರಾಂತಿಯ ಮುಂಚಿನ ಒಂದು ಮಧ್ಯಾಹ್ನ ಅವರು ಬೇಗ ಬೇಗ ನಡೆದು ಬಂದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಲೋಟ.

“ಸಿಕ್ತು ಅನ್ಸುತ್ತೆ ಮೇಡಂ. ಸೇತುವೆ ಹತ್ತಿರದ ಹೋಟೆಲಿನಲ್ಲಿತ್ತು. ನೋಡಿ.”

ಕಾಗದ ಬಿಚ್ಚಿ, ನನ್ನ ಬಲಗೈಯನ್ನು ದಾಟಿ, ಎಡಗೈಯಲ್ಲಿ ಇಟ್ಟರು.

ಬೆಚ್ಚಗಿತ್ತು. ಮೊಮ್ಮಗುವಿನ ನೆತ್ತಿಯ ಹಾಗೆ ಬೆಚ್ಚಗಿತ್ತು. ನನಗೆ ಮೊಮ್ಮಕ್ಕಳಿಲ್ಲ, ಆದರೂ ಹಾಗೆಯೇ ಅನ್ನಿಸಿತು. ಮರೆತಿಲ್ಲ, ಮರೆತಿಲ್ಲ ಎಂದು ನನ್ನೊಳಗೆ ಯಾರೋ ಚಪ್ಪಾಳೆ ತಟ್ಟಿದಂತಾಯಿತು. ಎರಡೂ ಕೈಗಳಿಂದ ಅದನ್ನು ಅಪ್ಪಿ ಹಿಡಿದೆ. ಆಗ ಎಡಗೈಯ ಬೆರಳಿಗೆ ಲೋಟದ ತಳ ತಾಗಿತು. ತಳ ನುಣುಪಾಗಿರಲಿಲ್ಲ. ಕಾಸಿನಷ್ಟಗಲ ಜಾಗವನ್ನು ಯಾರೋ ಅರದಿಂದ ಉಜ್ಜಿ ಉಜ್ಜಿ ತೆಗೆದಿದ್ದರು. ಉಜ್ಜಿದ್ದರ ಅಡಿಯಲ್ಲಿ, ಬೆರಳಿಗೆ ಮಾತ್ರ ತಿಳಿಯುವಷ್ಟು, ಒಂದು ಒಂದರ ಗೀರು, ಒಂದು ನಾಲ್ಕರ ಸೊಟ್ಟು.

ತಲೆಯೆತ್ತಿ ನೋಡಿದೆ. ಪಾಲಾಕ್ಷರ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಉಗುರುಗಳ ಸಂದಿಯಲ್ಲಿ ಲೋಹದ ಕಪ್ಪು ಪುಡಿ. ಪರೀಕ್ಷೆಯ ಫಲಿತಾಂಶಕ್ಕೆ ಕಾದಿರುವ ಹುಡುಗನ ಹಾಗೆ ನನ್ನನ್ನೇ ನೋಡುತ್ತಿದ್ದರು. ಇದು ಬೆಚ್ಚಗಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಕೊಟ್ಟವರಿಗೆ ಅದು ತಿಳಿಯುವ ದಾರಿಯಿಲ್ಲ. ತಣ್ಣಗಿದ್ದರೂ ಈ ಮುದುಕಿ ತನ್ನ ಕೈಯನ್ನೇ ದೂರಿಕೊಂಡು ಒಪ್ಪಿಕೊಳ್ಳಬಹುದೆಂದು ಆಸೆಪಟ್ಟಿದ್ದರು, ಅಷ್ಟೆ.

“ಸಿಕ್ಕಿತಲ್ಲ,” ಎಂದೆ.

ಅವರು ಲೋಟ ಸುತ್ತಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಂದು ಸಂಜೆ ನಾನು ಕಾಫಿಯನ್ನು ಪೂರ್ತಿ ಕುಡಿದೆ. ತಂಗುಮನೆಯೆಲ್ಲ ಮೇಷ್ಟ್ರಮ್ಮನ ಲೋಟ ಸಿಕ್ಕಿತೆಂದು ಸಂಭ್ರಮಪಟ್ಟಿತು. ಸಣ್ಣತಾಯಮ್ಮ ತಾನು ಬಚ್ಚಿಟ್ಟಿದ್ದ ಎಳ್ಳುಂಡೆ ತಂದು ಕೊಟ್ಟಳು. ಕೈಗೆ ಕೊಡಲಿಲ್ಲ, ಬಾಯಿಗೇ ತುರುಕಿದಳು.

ಸಂಕ್ರಾಂತಿ ಕಳೆದು ಟ್ರಸ್ಟಿನವರು ಬಂದರು. ಬಚ್ಚಲಿನ ಹಿಡಿಕೆಗಳನ್ನು ನೋಡಿ ಮೆಚ್ಚಿದರು, ಔಷಧಿ ಬೀರು ನೋಡಿ ತಲೆದೂಗಿದರು. ಆಮೇಲೆ ಹಜಾರದಲ್ಲಿ ಕರಿಬಸಪ್ಪನವರು ಕೋಲೂರಿ ನಿಂತು ಪ್ರಶ್ನೆ ಕೇಳಿದರು. ಪಾಲಾಕ್ಷ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

“ಈಗ ನಡೆಸ್ತಾ ಇರೋರು ಕೊಟ್ಟಿದ್ದು ಏನಾದ್ರೂ ಬೆಚ್ಚಗಿದೆಯೇನ್ರಪ್ಪ?”

ಎಲ್ಲರ ಮಡಿಲಲ್ಲೂ ಲೋಟವಿತ್ತು. ನನ್ನದೊಂದು ಬಿಟ್ಟು ಎಲ್ಲವೂ ರಾಜಮಣಿಯವು. ಬಾಷಾ ಸಾಹೇಬರು ನೆಲ ನೋಡಿದರು. ಅಂದು ಮುಂಗೈ ಹಿಡಿದ ಕೈ ಅವರ ನೆನಪಿನಲ್ಲಿತ್ತೆಂದು ನನಗೆ ಗೊತ್ತು. ಆದರೆ ಕೈಯನ್ನು ಯಾರೂ ಕೊಟ್ಟುಹೋಗುವುದಿಲ್ಲವಲ್ಲ. ಸಣ್ಣತಾಯಮ್ಮ, “ಒಳ್ಳೇ ಮನುಸ ಕಣ್ರಪ್ಪ, ಆದ್ರೆ…” ಎಂದು ನಿಲ್ಲಿಸಿದಳು.

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ. ಇನ್ನೊಂದು ನಿಮಿಷ ಹಾಗೆಯೇ ಕೂತಿದ್ದರೆ ಕರಿಬಸಪ್ಪನವರು ಶಾಲು ತರಿಸುತ್ತಿದ್ದರು. ವಾರದೊಳಗೆ ಯಾರಾದರೂ ಹೊಳೆ ದಾಟಿ ಹೋಗುತ್ತಿದ್ದರು. ಅದರ ಮುಂದಿನ ವಾರ ದೋಣಿಯಿಂದ ಕೊನೆಯಲ್ಲಿ ಇಳಿಯುವವಳು, ಕುಂಟುತ್ತ, ದಪ್ಪ ಕನ್ನಡಕದವಳು. ‘ಮೇಡಂ, ಸಕ್ಕರೆ ಎಷ್ಟು?’ ಎಂದು ಕೇಳುತ್ತಿದ್ದಳೋ, ‘ನೀವು ಯಾರು ತಾಯಿ?’ ಎಂದು ಕೇಳುತ್ತಿದ್ದಳೋ. ಯಾವುದನ್ನು ಕೇಳಿದರೂ ಆ ದನಿ ಕೇಳುತ್ತಿತ್ತು. ನನಗೆ ಅಷ್ಟು ಸಾಕಿತ್ತು. ಮಡಿಲಲ್ಲಿದ್ದ ಲೋಟ ಬೆಚ್ಚಗೆ ಕೂತಿತ್ತು. ಬಾಗಿಲ ಬಳಿ ನಿಂತವರ ಹೆಬ್ಬೆರಳಿನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

“ಇದು ಬೆಚ್ಚಗಿದೆ,” ಎಂದೆ. ಲೋಟವನ್ನು ಎತ್ತಿ ಹಿಡಿದೆ.

ಕರಿಬಸಪ್ಪನವರು ಹುಬ್ಬು ಸೇರಿಸಿದರು. “ಅದು ರಾಜಮಣಿ ಕೊಟ್ಟಿದ್ದಲ್ವಾ ತಾಯಿ? ಕಳೆದಿದ್ದು ಸಿಕ್ಕಿತಂತೆ ಅಂದ್ರು?”

“ರಾಜಮಣಿ ಕೊಟ್ಟದ್ದು ಸಿಗಲಿಲ್ಲ. ಇದನ್ನು ಪಾಲಾಕ್ಷ ಕೊಟ್ಟರು. ತಳ ಮುಟ್ಟಿ ನೋಡಿ. ನಂಬರು ಉಜ್ಜಿ ತೆಗೆದಿದ್ದಾರೆ.”

ನನ್ನ ಲೋಟ ಸಿಕ್ಕಿರಲಿಲ್ಲವೆಂದು ಎಲ್ಲರಿಗೂ ಅಂದೇ ಗೊತ್ತಾದದ್ದು. ಸಣ್ಣತಾಯಮ್ಮನ ಕೈ ಬಂದು ನನ್ನ ಮಂಡಿಯ ಮೇಲೆ ಕೂತಿತು. ಬಾಗಿಲ ಕಡೆಯಿಂದ ಪಾಲಾಕ್ಷರ ದನಿ ಕೇಳಿಸಿತು, ಸಣ್ಣಗೆ.

“ಬೆಚ್ಚಗಿದೆಯಾ ಮೇಡಂ?”

ಕೇಳಬಾರದ ಪ್ರಶ್ನೆಯನ್ನು ಅವರು ಎಲ್ಲರೆದುರಿಗೆ ಕೇಳಿದ್ದರು. ಯಾರೂ ಅವರ ತೊಡೆ ಚಿವುಟಲಿಲ್ಲ.

“ಮೊದಲ ದಿನದಿಂದಲೂ,” ಎಂದೆ.

ಪಾಲಾಕ್ಷ ಉಳಿದರು. ಹಿತ್ತಲಿನ ಕಡೆಯಿಂದ ಈಗ ಆಗಾಗ ಅರ ಉಜ್ಜುವ ಸದ್ದು ಬರುತ್ತದೆ. ನಂಬರಿನ ಲೋಟಗಳನ್ನೆಲ್ಲ ಒಂದೇ ದಿನ ಉಜ್ಜುವುದಿಲ್ಲ. ಹೊಸಬರು ಯಾರಾದರೂ ಸೇರಿದರೆ ಮೊದಲು ಅವರ ಪಕ್ಕದಲ್ಲಿ ಕೂರುತ್ತಾರೆ. ಕೆಲವು ದಿನ ಕಳೆದ ಮೇಲೆ ಆ ಸದ್ದು ಕೇಳಿಸುತ್ತದೆ. ನನ್ನನ್ನು ಅವರು ಹದಿನಾಲ್ಕು ಎನ್ನುವುದಿಲ್ಲ. ಮರೆತು ಅಂದಾಗ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಯಾರದೂ ಅಲ್ಲದ ತಣ್ಣನೆಯ ಲೋಟಗಳನ್ನು ಅವರು ಎಸೆಯಲಿಲ್ಲ. ಹಜಾರದ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ಬೆಳಿಗ್ಗೆ ಕಾಫಿಗೆ ಹೋಗುವಾಗ ನಾನು ಅವುಗಳಲ್ಲಿ ಒಂದನ್ನು ಮುಟ್ಟುತ್ತೇನೆ, ದಿನಕ್ಕೊಂದು. ಆರಿದ್ದು ಮತ್ತೆ ಬಿಸಿಯಾದದ್ದನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ. ಆದರೂ ಮುಟ್ಟುತ್ತೇನೆ.

ಸಂಜೆ ಜಗಲಿಯಲ್ಲಿ ಕೂತಾಗ ಮುಖ ಹೊಳೆಯ ಕಡೆಗೇ ಇರುತ್ತದೆ. ಆಚೆಯ ದಡದಲ್ಲಿ ದೀಪಗಳು ಹತ್ತುತ್ತವೆ. ಅಲ್ಲೊಂದು ಮನೆಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತವಳೊಬ್ಬಳ ಹತ್ತಿರ, ಅಂಚು ಸೊಟ್ಟಗಿರುವ ಬೂದುಬಣ್ಣದ ಮಫ್ಲರ್ ಇದೆ. ಅದನ್ನು ಕೊಟ್ಟವರು ಯಾರೆಂದು ಅವಳಿಗೆ ನೆನಪಿಲ್ಲದಿರಬಹುದು. ಆದರೆ ಚಳಿಯ ಸಂಜೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಅವಳ ಅಂಗೈಗೆ ಅದು ಬೆಚ್ಚಗಿರುತ್ತದೆ. ಅದು ಆರದಂತೆ ನಾನು ನೋಡಿಕೊಳ್ಳುತ್ತಿದ್ದೇನೆ.